ಪ್ರಬಂಧ ಬಾಯಿಪಾಠ ಮಾಡಿಸೋದು ಮೊದಲು ನಿಲ್ಲಲಿ

ಓದು, ಬರಹವನ್ನು ಕಾರ್ಯಾಗಾರದ ರೀತಿಯಲ್ಲಿ ಕಲಿಸಬೇಕು ಅಂತ ನಾನು ಓದಿದ ಲೇಖನವೊಂದು ಹೇಳುತ್ತದೆ. ಪೂರ್ತಿ ಒಪ್ಪುತ್ತೇನೆ. ಮೊದಲು ಟೀಚರ್ ಒಂದು ಸಣ್ಣ ವಿಷಯ ಹೇಳಿಕೊಡುವುದು, ಉಳಿದ ಹೊತ್ತು ಮಕ್ಕಳೇ ಬರೆಯುವುದು, ಟೀಚರ್ ಒಬ್ಬೊಬ್ಬರ ಪಕ್ಕ ಕೂತು ಮಾತಾಡುವುದು, ಕೊನೆಗೆ ಬರೆದದ್ದನ್ನು ಎಲ್ಲರಿಗೂ ಓದಿ ಹೇಳುವುದು, ಇಷ್ಟೇ ಅಲ್ವಾ? ನಮಗೇನೂ ತೀರಾ ಹೊಸದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ, ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕೆಯಾದ ನಲಿ ಕಲಿಯಲ್ಲೂ ಮಕ್ಕಳು ಗುಂಪಾಗಿ ಕೂತು ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಾರೆ. ಆದರೆ ಅದು ಮೂರನೇ ತರಗತಿಗೇ ಮುಗಿಯುತ್ತದೆ. ನಾಲ್ಕಕ್ಕೆ ಬಂದ ಕೂಡಲೇ ಮತ್ತೆ ಬೋರ್ಡ್ ನೋಡಿ ಬರೆಯೋದು, ರಾಷ್ಟ್ರೀಯ ಹಬ್ಬಗಳ ಪ್ರಬಂಧವನ್ನು ಗೈಡಿನಿಂದ ಬಾಯಿಪಾಠ ಮಾಡೋದು.

ನಾನು ಪಾಠ ಮಾಡುವ ಐದನೇ ತರಗತಿಯ ಹುಡುಗಿಯೊಬ್ಬಳು "ರಾತ್ರಿ ನಮ್ಮ ಎಮ್ಮೆ ಕರು ಹಾಕ್ತು, ಅಪ್ಪ ಟಾರ್ಚ್ ಹಿಡ್ಕೊಂಡು ನಿಂತಿದ್ರು" ಅಂತ ಬರೆದಳು. ಒತ್ತಕ್ಷರ ಬಹಳ ತಪ್ಪಿದ್ದವು. ಕೆಂಪು ಪೆನ್ನು ತೆಗೆಯದೆ "ಆಮೇಲೆ ಏನಾಯ್ತಮ್ಮಾ?" ಅಂತ ಕೇಳಿದ್ದಕ್ಕೆ ಇನ್ನೊಂದು ಪುಟ ಬರೆದು ತಂದಳು.

ಹಾಗಂತ ಕಾಗುಣಿತ, ಒತ್ತಕ್ಷರ ತಾನಾಗೇ ಬರುತ್ತದೆ ಅಂದುಕೊಳ್ಳಬಾರದು. ಅಮೆರಿಕದಲ್ಲಿ ಈ ಕಾರ್ಯಾಗಾರದ ವಿಧಾನ ನೆಚ್ಚಿಕೊಂಡ ಶಾಲೆಗಳಲ್ಲಿ ಅಕ್ಷರ ಮತ್ತು ಧ್ವನಿಯ ಪಾಠ ಸಾಲದು ಎಂಬ ಟೀಕೆ ಜಾಸ್ತಿಯಾಗಿ, 2023ರಲ್ಲಿ ನ್ಯೂಯಾರ್ಕ್ ನಗರ ಓದು ಕಲಿಸುವ ಕ್ರಮವನ್ನೇ ಬದಲಿಸಲು ಹೊರಟಿತು. ಹಾಗಾಗಿ ಕಾಗುಣಿತ, ಒತ್ತಕ್ಷರಕ್ಕೆ ಬೇರೆ ಪೀರಿಯಡ್ ಇಡಿ. ಮತ್ತೆ, ಒಬ್ಬರೇ ಟೀಚರ್ ಇರುವ ಶಾಲೆಯಲ್ಲಿ ಪ್ರತಿ ಮಗುವಿನ ಪಕ್ಕ ಕೂರೋದು ಹೇಗೆ? ಖಾಲಿ ಹುದ್ದೆಗಳನ್ನು ಮೊದಲು ತುಂಬಿ.