ಎಲೆಯ ನೆರಳು ಬೇರೆ, ಬಲೆಯ ನೆರಳು ಬೇರೆ

ಕಾಡು ಕಡಿದ ಜಾಗದಲ್ಲಿ ಮೊದಲು ಏಳುವ ಗಿಡಗಳ ಬೀಜಕ್ಕೆ ಬಿಸಿಲೊಂದಿದ್ದರೆ ಸಾಕು ಎನ್ನುವ ಮಾತಿದೆ. ಅರ್ಧ ಮಾತ್ರ ಸರಿ. ಮೆಕ್ಸಿಕೊದ ಲೋಸ್ ಟುಸ್ಟ್ಲಾಸ್ ಕಾಡಿನ ಸೆಕ್ರೋಪಿಯಾ ಮರದ ಬೀಜ ಗಮನಿಸುವುದು ಬೆಳಕು ಎಷ್ಟಿದೆ ಎನ್ನುವುದಕ್ಕಿಂತ ಅದರ ಬಣ್ಣವನ್ನು. ಮೇಲಿನ ಎಲೆಗಳು 660 ನ್ಯಾನೊಮೀಟರ್ ಸುತ್ತಿನ ಕೆಂಪನ್ನು ಹೀರಿಕೊಂಡು, 730ರ ಸುತ್ತಿನ ದೂರಗೆಂಪನ್ನು (ನಮ್ಮ ಕಣ್ಣಿಗೆ ಅಷ್ಟಾಗಿ ಕಾಣದ ಕೆಂಪಿನಾಚೆಯ ಬೆಳಕು) ಕೆಳಗೆ ಬಿಡುತ್ತವೆ. ಬಯಲಲ್ಲಿ ಇವೆರಡರ ಅನುಪಾತ ಸುಮಾರು 1.2, ದಟ್ಟ ಮರಗಳಡಿ 0.3ರ ಆಸುಪಾಸು. ಬೀಜದೊಳಗಿನ ಫೈಟೋಕ್ರೋಮ್ ಎಂಬ ಬೆಳಕು ಗ್ರಹಿಸುವ ವರ್ಣದ್ರವ್ಯ ಈ ವ್ಯತ್ಯಾಸ ಹಿಡಿಯುತ್ತದೆ. ಕಪ್ಪು ನೆರಳು ಬಲೆಯಡಿ ಮೊಳೆತ ಬೀಜ ಅಷ್ಟೇ ಮಬ್ಬಿನ ಮರದಡಿ ಮೊಳೆಯದಿರುವುದು ಇದಕ್ಕೇ: ಬಲೆ ಬೆಳಕನ್ನು ತಗ್ಗಿಸುತ್ತದೆ, ಬಣ್ಣ ಬದಲಿಸುವುದಿಲ್ಲ.

ಎಳ್ಳಿಗಿಂತ ಚಿಕ್ಕದಾದ ಈ ಬೀಜದ ಮೇಲೆ ಮಣ್ಣು ಮುಚ್ಚಲೇಬೇಡಿ. ಜರಡಿ ಹಿಡಿದ ಒದ್ದೆ ಮಣ್ಣಿನ ಮೇಲೆ ಉದುರಿಸಿ, ಹಲಗೆಯಿಂದ ಮೆಲ್ಲಗೆ ಒತ್ತಿ. ಮೇಲಿಂದ ನೀರು ಚಿಮುಕಿಸಿದರೆ ಹೂತುಹೋಗುತ್ತದೆ; ತಟ್ಟೆಯನ್ನು ನೀರಲ್ಲಿಟ್ಟು ಕೆಳಗಿಂದಲೇ ತೇವ ಏರಲಿ. ಮೇಲ್ಪದರ ಒಂದು ಮಧ್ಯಾಹ್ನ ಒಣಗಿದರೂ ಎಳೆ ಬೇರು ಸತ್ತೀತು.

ಬಾಲ್ಸಾ ಮರದ ಬೀಜ ಇನ್ನೊಂದು ಬಗೆಯ ಹಠಮಾರಿ. ಅದರ ಗಟ್ಟಿ ಸಿಪ್ಪೆ ನೀರನ್ನೇ ಒಳಬಿಡದು, ಬೆಳಕು ಎಷ್ಟು ಕೊಟ್ಟರೂ ದಂಡ. ಬಯಲ ಮಣ್ಣು ಚೆನ್ನಾಗಿ ಕಾದಾಗ ಸಿಪ್ಪೆ ಸಡಿಲಾಗುತ್ತದೆ. ನರ್ಸರಿಯಲ್ಲಿ, ಕುದಿಸಿ ಇಳಿಸಿದ ನೀರು ಸುರಿದು ಅದರಲ್ಲೇ ರಾತ್ರಿಯಿಡೀ ಬಿಡಿ. ಉಬ್ಬಿದವನ್ನು ಬಿತ್ತಿ, ಉಬ್ಬದವಕ್ಕೆ ಮತ್ತೊಮ್ಮೆ ಬಿಸಿನೀರು. ಒಲೆಯ ಮೇಲೇ ಕುದಿಯಲು ಬಿಟ್ಟರೆ ಭ್ರೂಣವೇ ಬೆಂದುಹೋಗುತ್ತದೆ.