ಅಪಘಾತ ಪರಿಹಾರದ ದಾವೆ: ಲೋಕ ಅದಾಲತ್‌ನಲ್ಲಿ ರಾಜಿಯಾಗುವುದು ಗಾಯಾಳುವಿಗೆ ಹಿತವೇ?

ರಸ್ತೆ ಅಪಘಾತದಲ್ಲಿ ಗಾಯಗೊಂಡವರು 1988ರ ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಡಿ ಪರಿಹಾರಕ್ಕೆ ಅರ್ಜಿ ಹಾಕಿದ ಮೇಲೆ ಅವರ ಮುಂದೆ ಎರಡು ದಾರಿಗಳಿರುತ್ತವೆ. ಸಾಕ್ಷ್ಯ, ಪಾಟೀಸವಾಲು, ವಾದ ಎಲ್ಲ ಮುಗಿದು ನ್ಯಾಯಮಂಡಳಿ ತೀರ್ಪು ಕೊಡುವವರೆಗೆ ಕಾಯುವುದು ಒಂದು. ನಡುವೆಯೇ ಲೋಕ ಅದಾಲತ್‌ನಲ್ಲಿ ವಿಮಾ ಕಂಪನಿಯೊಂದಿಗೆ ಒಂದು ಮೊತ್ತಕ್ಕೆ ಒಪ್ಪಿ ಪ್ರಕರಣ ಮುಗಿಸಿಕೊಳ್ಳುವುದು ಇನ್ನೊಂದು. ಕೆಳಗಿನ ಎರಡೂ ಬರಹಗಳು ಒಂದೇ ಉದಾಹರಣೆಯನ್ನು ಹಿಡಿದು ನಡೆಯುತ್ತವೆ. ಮೂವತ್ತೆರಡು ವರ್ಷದ ಗಾರೆ ಕೆಲಸದವನೊಬ್ಬ ಬೈಕಿನಲ್ಲಿ ಮನೆಗೆ ಮರಳುವಾಗ ಕಾರು ಡಿಕ್ಕಿ ಹೊಡೆದು ಮೊಣಕಾಲಿನ ಕೆಳಗಿನ ಮೂಳೆ ಮುರಿದಿದೆ, ಒಳಗೆ ರಾಡ್ ಹಾಕಿದ್ದಾರೆ, ಅವನ ತಿಂಗಳ ದುಡಿಮೆ 15,000 ರೂಪಾಯಿ ಎಂದಿಟ್ಟುಕೊಳ್ಳೋಣ.

ಪರ: ಕಾಲು ಕೂಡುವ ಹೊತ್ತಿಗೆ ಹಣ ಕೈಗೆ ಬರಬೇಕು

ಪರಿಹಾರದ ದಾವೆ ಎಂದೊಡನೆ ಜನರ ಕಣ್ಣ ಮುಂದೆ ಬರುವುದು ಕಟಕಟೆ, ಆರೋಪಿ, ಶಿಕ್ಷೆ. ನ್ಯಾಯಮಂಡಳಿಯಲ್ಲಿ ನಡೆಯುವುದು ಬಹುಪಾಲು ಲೆಕ್ಕ. ಕಾರು ಓಡಿಸುತ್ತಿದ್ದವನಿಗೆ ಶಿಕ್ಷೆಯಾಗುತ್ತದೋ ಇಲ್ಲವೋ ಎಂಬುದು ಮ್ಯಾಜಿಸ್ಟ್ರೇಟರ ಮುಂದಿನ ಬೇರೆಯೇ ಪ್ರಕರಣ. ಇಲ್ಲಿ ಅವನ ನಿರ್ಲಕ್ಷ್ಯವನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತುಪಡಿಸಬೇಕಾಗಿಲ್ಲ. ಎಫ್‌ಐಆರ್, ಸ್ಥಳ ಮಹಜರು, ವಾಹನ ತಪಾಸಣಾ ವರದಿ, ದೋಷಾರೋಪ ಪಟ್ಟಿ ಇವೆಲ್ಲ ಒಂದೇ ಕಡೆಗೆ ಬೆರಳು ತೋರಿದರೆ ಸಾಮಾನ್ಯವಾಗಿ ಸಾಕಾಗುತ್ತದೆ. ಹಣ ಕೊಡುವವನೂ ಅವನಲ್ಲ, ಕಾರಿನ ಥರ್ಡ್ ಪಾರ್ಟಿ ವಿಮೆ ಇರುವ ಕಂಪನಿ. ಆದ್ದರಿಂದ ಹೆಚ್ಚಿನ ಪ್ರಕರಣಗಳಲ್ಲಿ ಉಳಿಯುವ ಜಗಳ ಒಂದೇ: ಎಷ್ಟು?

ಆ ಎಷ್ಟು ಎಂಬುದಕ್ಕೂ ಈಗ ಸೂತ್ರವಿದೆ. 2009ರ ಸರಳಾ ವರ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಯಸ್ಸಿಗೆ ತಕ್ಕ ಗುಣಕದ, ಅಂದರೆ ವರ್ಷದ ದುಡಿಮೆಯನ್ನು ಎಷ್ಟರಿಂದ ಗುಣಿಸಬೇಕು ಎಂಬುದರ, ಪಟ್ಟಿಯನ್ನೇ ಕೊಟ್ಟಿತು. ಇಪ್ಪತ್ತೈದರವರೆಗಿನ ಯುವಕರಿಗೆ 18, ಮೂವತ್ತೊಂದರಿಂದ ಮೂವತ್ತೈದರವರಿಗೆ 16, ಅರವತ್ತೈದು ದಾಟಿದವರಿಗೆ 5. ಸಂಬಳದ ಚೀಟಿ ಇಲ್ಲದವರ ಆದಾಯಕ್ಕೆ ಕರ್ನಾಟಕ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ಲೋಕ ಅದಾಲತ್‌ಗೆಂದೇ ವರ್ಷವಾರು ಕಾಲ್ಪನಿಕ ಆದಾಯದ ಪಟ್ಟಿ ಮಾಡಿದೆ, ಅದನ್ನೇ ಹೈಕೋರ್ಟ್ ಮೇಲ್ಮನವಿಗಳಲ್ಲೂ ನೋಡುತ್ತದೆ. ನಮ್ಮ ಗಾರೆ ಕೆಲಸದವನ ಕಾಲಿಗೆ ಮೂಳೆ ವೈದ್ಯರು ಶೇ. 30ರಷ್ಟು ಊನ ಎಂದು ಬರೆದುಕೊಟ್ಟರೆ, ವಾಡಿಕೆಯಂತೆ ಇಡೀ ದೇಹಕ್ಕೆ ಅದರ ಮೂರನೇ ಒಂದು ಭಾಗ, ಅಂದರೆ ಶೇ. 10. ತಿಂಗಳಿಗೆ 15,000ದಂತೆ ವರ್ಷಕ್ಕೆ 1,80,000, ಗುಣಕ 16, ಅದರಲ್ಲಿ ಶೇ. 10 ಎಂದರೆ ಭವಿಷ್ಯದ ದುಡಿಮೆಯ ನಷ್ಟ 2,88,000 ರೂಪಾಯಿ. ಆಸ್ಪತ್ರೆಯ ಬಿಲ್ಲು, ನೋವು-ಯಾತನೆ, ಹಾಸಿಗೆ ಹಿಡಿದಿದ್ದ ತಿಂಗಳುಗಳ ಕೂಲಿ, ಆಹಾರ-ಪಾಲಕ-ಓಡಾಟದ ಖರ್ಚು ಎಲ್ಲ ಸೇರಿ ಹತ್ತಿರ ಹತ್ತಿರ ಐದೂವರೆ ಲಕ್ಷ ಎನ್ನೋಣ. ಈ ಅಂಕಿ ಅರ್ಜಿದಾರರ ವಕೀಲರಿಗೂ ಗೊತ್ತು, ಕಂಪನಿಯ ಅಧಿಕಾರಿಗೂ ಗೊತ್ತು. ಇಬ್ಬರಿಗೂ ಗೊತ್ತಿರುವುದನ್ನು ಕೇಳಲು ವರ್ಷಗಟ್ಟಲೆ ಕೋರ್ಟಿಗೆ ಅಲೆಯಬೇಕೇ?

ಅಲೆದಾಟದ ಬೆಲೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅರ್ಜಿ ದಾಖಲಾಗಿ, ನೋಟಿಸು ಜಾರಿಯಾಗಿ, ಕಂಪನಿ ಆಕ್ಷೇಪಣೆ ಹಾಕಿ, ಅರ್ಜಿದಾರನ ಸಾಕ್ಷ್ಯ ಮುಗಿದು, ಊನದ ಪ್ರಮಾಣಪತ್ರ ಕೊಟ್ಟ ವೈದ್ಯರು ಸಾಕ್ಷಿಗೆ ಬರುವ ದಿನ ಕೂಡಿಬರಬೇಕು. ಅವರು ಬಂದ ದಿನ ನ್ಯಾಯಾಧೀಶರು ರಜೆಯಲ್ಲಿದ್ದರೆ ಮತ್ತೊಂದು ವಾಯಿದೆ. ತೀರ್ಪು ಬಂದಿತೆಂದರೂ ಮುಗಿಯಲಿಲ್ಲ, ಮೋಟಾರು ವಾಹನ ಕಾಯ್ದೆಯ 173ನೇ ಕಲಮಿನಂತೆ ಮೇಲ್ಮನವಿಗೆ 90 ದಿನಗಳಿವೆ, ಹೈಕೋರ್ಟಿನ ಬೆಂಗಳೂರು, ಧಾರವಾಡ ಅಥವಾ ಕಲಬುರಗಿಯ ಪೀಠದಲ್ಲಿ ಆ ಮೇಲ್ಮನವಿಗೆ ಎಂ.ಎಫ್.ಎ. ಸಂಖ್ಯೆ ಬಿದ್ದರೆ ಮತ್ತೆ ಕಾಯುವಿಕೆ. ಅಷ್ಟರಲ್ಲಿ ಗಾಯಾಳುವಿನ ಮನೆ ನಡೆಯುವುದು ಕೈಸಾಲದಲ್ಲಿ.

ಆಪರೇಷನ್ನಿಗೆ ಎರಡು ಲಕ್ಷ ರೂಪಾಯಿಯನ್ನು ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಲ್ಲಿ ತಂದಿದ್ದಾನೆ ಎಂದುಕೊಳ್ಳಿ. ತಿಂಗಳಿಗೆ 6,000, ವರ್ಷಕ್ಕೆ 72,000. ನ್ಯಾಯಮಂಡಳಿ ಐದೂವರೆ ಲಕ್ಷದ ಮೇಲೆ ಶೇ. 6ರಂತೆ ಬಡ್ಡಿ ಕೊಟ್ಟರೆ ವರ್ಷಕ್ಕೆ 33,000. ಅಂದರೆ ಕಾದ ಪ್ರತಿ ವರ್ಷಕ್ಕೂ ಅವನಿಗೆ 39,000 ರೂಪಾಯಿ ಕೈಬಿಡುತ್ತದೆ. ಕಂಪನಿ ಇಂದು ಬಡ್ಡಿಯೂ ಸೇರಿ ಒಟ್ಟು ನಾಲ್ಕೂವರೆ ಲಕ್ಷ ಎನ್ನುತ್ತದೆ. ಒಂದು ಲಕ್ಷ ಕಡಿಮೆಯಾಯಿತೆಂದು ಬೇಡವೆಂದವನು ಮೂರು ವರ್ಷ ಕಾದರೆ ಆ ಒಂದು ಲಕ್ಷಕ್ಕಾಗಿ 1,17,000 ಕಳೆದುಕೊಂಡಿರುತ್ತಾನೆ. ವಕೀಲರ ಮನೆಗೆ, ಕೋರ್ಟಿಗೆ ಓಡಾಡಿದ ದಿನಗಳ ಕೂಲಿಯನ್ನು ನಾನು ಇಲ್ಲಿ ಹಿಡಿದೇ ಇಲ್ಲ.

ತೀರ್ಪಿನಲ್ಲಿ ಗೆಲುವೇ ಕಾದಿದೆ ಎಂದು ಯಾರೂ ಬರೆದುಕೊಟ್ಟಿಲ್ಲ. ಬೈಕಿನಲ್ಲಿ ಮೂವರಿದ್ದರೆ, ದೂರು ತಡವಾಗಿ ದಾಖಲಾಗಿದ್ದರೆ, ಆಸ್ಪತ್ರೆಯ ಮೊದಲ ಚೀಟಿಯಲ್ಲಿ ‘ಬಿದ್ದು ಪೆಟ್ಟಾಗಿದೆ’ ಎಂದು ಯಾರೋ ಗೀಚಿದ್ದರೆ, ಗಾಯಾಳುವಿನದೂ ಇಷ್ಟು ಪಾಲು ತಪ್ಪೆಂದು ಮೊತ್ತದಲ್ಲಿ ಕಾಲು ಭಾಗವೋ ಅರ್ಧವೋ ಹೋಗಬಹುದು, ಕೆಲವೊಮ್ಮೆ ಅರ್ಜಿಯೇ ವಜಾ ಆಗಬಹುದು. ರಾಜಿಯಲ್ಲಿ ಈ ಅಪಾಯವೆಲ್ಲ ಒಂದಿಷ್ಟು ಕಡಿತದಲ್ಲಿ ಕರಗಿಹೋಗುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 21ನೇ ಕಲಮಿನಂತೆ ಲೋಕ ಅದಾಲತ್‌ನ ಐತೀರ್ಪು, ಅಂದರೆ ಪರಿಹಾರದ ಆದೇಶ, ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮ, ಅದರ ಮೇಲೆ ಅಪೀಲಿಲ್ಲ. ಕಂಪನಿ ಹೈಕೋರ್ಟಿಗೆ ಓಡಿ ತಡೆಯಾಜ್ಞೆ ತರುತ್ತದೆಂಬ ಭಯವಿಲ್ಲ.

ಬಡವರನ್ನು ಒತ್ತಾಯದಿಂದ ಒಪ್ಪಿಸುತ್ತಾರೆ ಎಂಬ ದೂರು ಹಳೆಯದು. ಒಪ್ಪದಿದ್ದರೆ ತೀರ್ಪು ಹೇಳುವ ಅಧಿಕಾರವೇ ಲೋಕ ಅದಾಲತ್‌ಗೆ ಇಲ್ಲ, ಕಡತ ಬಂದ ದಾರಿಯಲ್ಲೇ ಮರಳುತ್ತದೆ ಎಂಬುದನ್ನು ಸುಪ್ರೀಂ ಕೋರ್ಟ್ 2008ರಲ್ಲೇ ಪಂಜಾಬಿನ ಪ್ರಕರಣವೊಂದರಲ್ಲಿ ಸ್ಪಷ್ಟಪಡಿಸಿದೆ. ಬೇಡವೆಂದು ತಲೆಯಾಡಿಸಿ ಎದ್ದು ಬರುವ ಸ್ವಾತಂತ್ರ್ಯ ಗಾಯಾಳುವಿಗೆ ಇದ್ದೇ ಇದೆ.

ವಿರೋಧ: ಗಾಯದ ಅಳತೆ ತಿಳಿಯುವ ಮುನ್ನ ಬೆಲೆ ಕಟ್ಟಬಾರದು

ಮೇಲಿನ ಲೆಕ್ಕದಲ್ಲಿ ಕೂಡುವ ಕಳೆಯುವ ತಪ್ಪಿಲ್ಲ. ಆದರೆ ಅದರ ಮೊದಲ ಸಾಲಿನಲ್ಲೇ ಒಂದು ಅಂಕಿಯನ್ನು ಸದ್ದಿಲ್ಲದೆ ಒಳಗೆ ಬಿಟ್ಟುಕೊಳ್ಳಲಾಗಿದೆ: ಶೇ. 10. ಕಾಲಿನ ಊನವನ್ನು ಮೂರರಿಂದ ಭಾಗಿಸಿ ಇಡೀ ದೇಹಕ್ಕೆ ಹಚ್ಚುವ ಈ ವಾಡಿಕೆ ನ್ಯಾಯಾಲಯದ ಮೊಗಸಾಲೆಯಲ್ಲಿ ಎಷ್ಟು ಬೇರೂರಿದೆಯೆಂದರೆ ಅದನ್ನೇ ಕಾನೂನೆಂದು ನಂಬಿದವರಿದ್ದಾರೆ. ಕಾನೂನು ಹೇಳುವುದು ಬೇರೆ. 2011ರ ರಾಜ್‌ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ದೇಹದ ಊನದ ಪ್ರಮಾಣವೇ ದುಡಿಮೆಯ ನಷ್ಟದ ಪ್ರಮಾಣವಲ್ಲ ಎಂದಿತು. ಎಡಗೈ ಹೋದ ಗುಮಾಸ್ತನ ಸರ್ಕಾರಿ ಕೆಲಸ ಉಳಿಯಬಹುದು. ಅದೇ ಎಡಗೈ ಹೋದ ಚಾಲಕನಿಗೋ ಬಡಗಿಗೋ ದುಡಿಮೆಯ ನಷ್ಟ ನೂರಕ್ಕೆ ನೂರರ ಹತ್ತಿರ ಬರಬಹುದು ಎಂದು ಉದಾಹರಣೆಯನ್ನೂ ಕೊಟ್ಟಿತು. ಗಾಯಾಳು ಮೊದಲು ಏನು ಕೆಲಸ ಮಾಡುತ್ತಿದ್ದ, ಈಗ ಅದರಲ್ಲಿ ಯಾವುದನ್ನು ಮಾಡಬಲ್ಲ, ಯಾವುದನ್ನು ಮಾಡಲಾರ, ಬೇರೆ ಯಾವ ಕೆಲಸದಿಂದ ಬದುಕಬಲ್ಲ ಎಂದು ನ್ಯಾಯಮಂಡಳಿ ಒಂದೊಂದಾಗಿ ವಿಚಾರಿಸಬೇಕು.

ನಮ್ಮ ಗಾರೆ ಕೆಲಸದವನನ್ನು ಈ ಪ್ರಶ್ನೆಗಳ ಮುಂದೆ ನಿಲ್ಲಿಸಿ ನೋಡೋಣ. ನೆಲದ ಮೇಲೆ ನಿಂತು ಇಟ್ಟಿಗೆ ಕಟ್ಟಬಲ್ಲನು. ಮಂಡಿ ಪೂರ್ತಿ ಮಡಚದಿದ್ದರೆ ಕುಕ್ಕರಗಾಲಿನಲ್ಲಿ ಕುಳಿತು ಟೈಲ್ಸ್ ಕೂರಿಸಲಾರ. ಸಾರುವೆ ಏರಿ, ಒಂಟಿ ಹಲಗೆಯ ಮೇಲೆ ನಿಂತು ಹೊರಗೋಡೆಗೆ ಗಾರೆ ಮಾಡಲಾರ, ಏಕೆಂದರೆ ಮುರಿದು ಕೂಡಿದ ಕಾಲಿನ ಮೇಲೆ ಅವನಿಗೇ ಧೈರ್ಯವಿಲ್ಲ. ಧೈರ್ಯ ಮಾಡಿದರೂ ಮೇಸ್ತ್ರಿ ಹತ್ತಿಸುವುದಿಲ್ಲ. ಅಲ್ಲಿಗೆ ಅವನು ಗಾರೆ ಕೆಲಸದವನಿಂದ ಕೈಯಾಳಿನ ಕೂಲಿಗೆ ಇಳಿದನು. ಅವನ ದುಡಿಮೆಯ ನಷ್ಟವನ್ನು ಶೇ. 25 ಎಂದು ಹಿಡಿದರೂ ಅದು 7,20,000 ರೂಪಾಯಿ. ಶೇ. 10ಕ್ಕೂ ಇದಕ್ಕೂ ನಡುವಿನ ಅಂತರ 4,32,000. ಒಟ್ಟು ಮೊತ್ತ ಐದೂವರೆ ಲಕ್ಷದ ಬದಲು 9,82,000 ಆಗುತ್ತದೆ. ಎರಡು ಲಕ್ಷದ ಕೈಸಾಲವನ್ನು ನೂರಕ್ಕೆ ಮೂರರಂತೆ ಮೂರು ವರ್ಷ ತೀರಿಸಿಯೂ, ಶೇ. 6ರ ಬಡ್ಡಿ ಸೇರಿದರೆ, ಅವನ ಕೈಯಲ್ಲಿ ಏಳು ಲಕ್ಷಕ್ಕೂ ಹೆಚ್ಚು ಉಳಿಯುತ್ತದೆ. ಇಂದೇ ನಾಲ್ಕೂವರೆ ಲಕ್ಷಕ್ಕೆ ರಾಜಿಯಾದವನಿಗೆ ಸಾಲ ತೀರಿಸಿ ಉಳಿಯುವುದು ಎರಡೂವರೆ ಲಕ್ಷ. ಈ ಶೇ. 25 ತಾನಾಗಿ ಬರುವುದಿಲ್ಲ, ನಿಜ. ಅದಕ್ಕೆ ವೈದ್ಯರ ಸಾಕ್ಷ್ಯ ಬೇಕು, ಜೊತೆಗೆ ಕೆಲಸ ಮಾಡಿದ ಮೇಸ್ತ್ರಿಯನ್ನು ಕರೆಸಿ ಎರಡು ಮಾತು ಹೇಳಿಸಬೇಕು. ಲೋಕ ಅದಾಲತ್‌ನ ಮೇಜಿನ ಎದುರು ಇದಕ್ಕೆಲ್ಲ ಜಾಗವಿಲ್ಲ. ಅಂದು ಒಂದೇ ಪೀಠದ ಮುಂದೆ ಕಡತಗಳ ರಾಶಿ, ಕಂಪನಿಯ ಅಧಿಕಾರಿಯ ಕೈಯಲ್ಲಿ ಮೊದಲೇ ಮಂಜೂರಾದ ಮೊತ್ತಗಳ ಹಾಳೆ, ಮೊಬೈಲಿನಲ್ಲಿ ಕ್ಯಾಲ್ಕ್ಯುಲೇಟರ್. ಸಂಜೆಯ ಹೊತ್ತಿಗೆ ಇಷ್ಟು ಪ್ರಕರಣ ವಿಲೇವಾರಿಯಾಯಿತೆಂಬ ಪ್ರಕಟಣೆ ಹೊರಡಬೇಕು. ಇಂತಹ ಗಡಿಬಿಡಿಯಲ್ಲಿ ವಾಡಿಕೆಯ ಮೂರನೇ ಒಂದು ಭಾಗವೇ ಗೆಲ್ಲುತ್ತದೆ.

ಅಪೀಲಿಲ್ಲ ಎಂಬುದನ್ನು ಪರ ಬರಹ ಗುಣವೆಂದು ಎಣಿಸಿದೆ. ಕಂಪನಿಗೆ ಅಪೀಲಿಲ್ಲದಂತೆ ಗಾಯಾಳುವಿಗೂ ಇಲ್ಲ. ಆರು ತಿಂಗಳ ಬಳಿಕ ಮೂಳೆ ಕೂಡಿಲ್ಲವೆಂದು ತಿಳಿದರೆ, ಒಳಗಿನ ರಾಡಿಗೆ ಸೋಂಕು ತಗಲಿದರೆ, ಇನ್ನೊಂದು ಆಪರೇಷನ್ನಿನ ಖರ್ಚು ಯಾರದು? ಒಮ್ಮೆ ಅಂತಿಮ ಐತೀರ್ಪಾದ ಮೇಲೆ ಮತ್ತೆ ಹೆಚ್ಚಿನ ಪರಿಹಾರ ಕೊಡಲು ಮೋಟಾರು ವಾಹನ ಕಾಯ್ದೆಯಲ್ಲಿ ಅವಕಾಶವೇ ಇಲ್ಲ, ಆದ್ದರಿಂದ ಮುಂದಿನ ಚಿಕಿತ್ಸೆಯ ವೆಚ್ಚವನ್ನು ಮೊದಲೇ ಅಂದಾಜಿಸಿ ಸೇರಿಸಬೇಕು ಎಂದು ಸುಪ್ರೀಂ ಕೋರ್ಟ್ 2002ರ ನಾಗಪ್ಪ ಪ್ರಕರಣದಲ್ಲಿ ಹೇಳಿದೆ. ಕೇಳಿದ್ದಕ್ಕಿಂತ ಹೆಚ್ಚು ಪರಿಹಾರವನ್ನೂ ನ್ಯಾಯಮಂಡಳಿ ಕೊಡಬಹುದು ಎಂದದ್ದೂ ಅದೇ ತೀರ್ಪು. ರಾಜಿಯ ಮೇಜಿನಲ್ಲಿ ಕೇಳಿದ್ದಕ್ಕಿಂತ ಹೆಚ್ಚು ಸಿಕ್ಕಿದ್ದನ್ನು ಕಂಡವರಿದ್ದರೆ ನನಗೂ ತಿಳಿಸಲಿ.

ಪಟ್ಟು ಹಿಡಿದು ಕಾದರೆ ಅಂಕಿ ಎಲ್ಲಿಂದ ಎಲ್ಲಿಗೆ ಹೋಗಬಹುದು ಎಂಬುದಕ್ಕೆ 2020ರ ಫೆಬ್ರುವರಿಯ ಒಂದು ತೀರ್ಪನ್ನು ನೋಡಬಹುದು. 2007ರಲ್ಲಿ ತಲೆಗೆ ಪೆಟ್ಟು ಬಿದ್ದು ಬದುಕಿಡೀ ಬೇರೊಬ್ಬರ ಆರೈಕೆಯಲ್ಲಿರಬೇಕಾದ ಹನ್ನೆರಡು ವರ್ಷದ ಬಾಲಕಿಗೆ ನ್ಯಾಯಮಂಡಳಿ ಕೊಟ್ಟದ್ದು ಹನ್ನೊಂದು ಲಕ್ಷದಷ್ಟು, ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಇಪ್ಪತ್ತೈದು ಲಕ್ಷ ದಾಟಿಸಿತು, ಸುಪ್ರೀಂ ಕೋರ್ಟ್ ಆರೈಕೆ ಮಾಡುವವರ ಕೂಲಿಗೂ ಗುಣಕ ಹಚ್ಚಿ ಅರವತ್ತೆರಡು ಲಕ್ಷಕ್ಕೆ ಏರಿಸಿತು. ಮೊದಲ ಮೆಟ್ಟಿಲಲ್ಲೇ ರಾಜಿಯಾಗಿದ್ದರೆ ಹನ್ನೊಂದು ಲಕ್ಷವೂ ಪೂರ್ತಿ ಬರುತ್ತಿರಲಿಲ್ಲ.

ತಡವಾಗುತ್ತದೆ, ಆದ್ದರಿಂದ ಕಡಿಮೆಗೆ ಒಪ್ಪಿಕೊಳ್ಳಿ ಎನ್ನುವ ವಾದದಲ್ಲಿ ನನಗೆ ಒಪ್ಪಿಗೆಯಾಗದ ಇನ್ನೊಂದು ಮಾತಿದೆ. ತಡ ಮಾಡಿದವರು ಯಾರು? 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳಂತೆ ಪೊಲೀಸರು ಅಪಘಾತದ ಮೊದಲ ವರದಿಯನ್ನು 48 ಗಂಟೆಯೊಳಗೆ, ವಿವರವಾದ ವರದಿಯನ್ನು 90 ದಿನದೊಳಗೆ ಸಲ್ಲಿಸಬೇಕು. ಮೋಟಾರು ವಾಹನ ಕಾಯ್ದೆಯ 149ನೇ ಕಲಮಿನಡಿ ಕಂಪನಿ ಅಧಿಕಾರಿಯನ್ನು ನೇಮಿಸಿ 30 ದಿನದೊಳಗೆ ತನ್ನ ಮೊತ್ತವನ್ನು ಮುಂದಿಡಬೇಕು. ಇದನ್ನು ಕಟ್ಟುನಿಟ್ಟಾಗಿ ಪಾಲಿಸುವಂತೆ ಸುಪ್ರೀಂ ಕೋರ್ಟ್ 2022ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ನಿರ್ದೇಶನವನ್ನೂ ಕೊಟ್ಟಿದೆ. ಮೊದಲ ತಿಂಗಳಲ್ಲಿ ಹೇಳಬೇಕಾದ ಮೊತ್ತವನ್ನು ಕಂಪನಿ ಮೂರನೇ ವರ್ಷ ಲೋಕ ಅದಾಲತ್‌ನ ದಿನ ಹೇಳಿ, ಬಡ್ಡಿಯನ್ನೂ ಅದರಲ್ಲೇ ನುಂಗಿಸುವುದಾದರೆ, ಸಾಲ ಕೊಟ್ಟವನ ಕಾಟದಿಂದ ಲಾಭವಾದದ್ದು ಗಾಯಾಳುವಿಗಲ್ಲ.

ವಕೀಲರ ಮಾತನ್ನೂ ಆಡಬೇಕು, ನಾನು ಅದೇ ಕಸುಬಿನವನಾದರೂ. ಫಲಿತಾಂಶದಲ್ಲಿ ಪಾಲು ಎಂದು ಶುಲ್ಕ ಗೊತ್ತುಮಾಡಿಕೊಳ್ಳುವುದನ್ನು ಬಾರ್ ಕೌನ್ಸಿಲ್ ನಿಯಮ ನಿಷೇಧಿಸಿದೆ. ‘ಬಂದದ್ದರಲ್ಲಿ ಇಷ್ಟು’ ಎಂಬ ಮಾತು ಮೊಗಸಾಲೆಯಲ್ಲಿ ನಿಂತಿಲ್ಲ. ಹಾಗೆ ಶುಲ್ಕ ಪಡೆಯುವವನಿಗೆ ಒಂದು ಪ್ರಕರಣವನ್ನು ನಾಲ್ಕು ವರ್ಷ ಹೊತ್ತು ಹೆಚ್ಚು ಕೊಡಿಸುವುದಕ್ಕಿಂತ ಒಂದೇ ದಿನ ಹತ್ತು ಪ್ರಕರಣ ಮುಗಿಸುವುದು ಲಾಭ. ಎದ್ದು ಬರುವ ಸ್ವಾತಂತ್ರ್ಯ ಗಾಯಾಳುವಿಗಿದೆ ಎನ್ನುವವರು, ಪಕ್ಕದಲ್ಲಿ ನಿಂತ ತನ್ನ ವಕೀಲನೇ ‘ಒಳ್ಳೇ ಅಮೌಂಟು, ಒಪ್ಕೊಳ್ಳಿ’ ಎಂದಾಗ ಎಷ್ಟು ಜನ ಎದ್ದು ಬಂದಾರು ಎಂದು ಯೋಚಿಸಲಿ.

ಎಲ್ಲ ರಾಜಿಯೂ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಬೆರಳಿನ ಮೂಳೆ ಬಿರುಕು ಬಿಟ್ಟು ಪೂರ್ತಿ ವಾಸಿಯಾದವನು, ದಾಖಲೆಯಲ್ಲಿ ತೊಡಕಿರುವವನು ರಾಜಿಯಾಗಲಿ. ಚಿಕಿತ್ಸೆ ಮುಗಿಯದವರ, ಮೈಬಗ್ಗಿಸಿ ದುಡಿಯುವವರ, ಮಕ್ಕಳ ಪ್ರಕರಣಗಳನ್ನು ಆ ಮೇಜಿಗೆ ಒಯ್ಯಬಾರದು.

ಒಮ್ಮೆ ಜಿಲ್ಲಾ ನ್ಯಾಯಾಲಯವೊಂದರಲ್ಲಿ ರಾಜಿಯ ಜಂಟಿ ಮೆಮೊಗೆ ಸಹಿ ಮಾಡಿಸುತ್ತಿದ್ದರು. ಇನ್ನು ಮುಂದೆ ಈ ಅಪಘಾತದ ಬಗ್ಗೆ ಅರ್ಜಿದಾರರಿಗೆ ಯಾವ ಹಕ್ಕೂ ಉಳಿದಿರುವುದಿಲ್ಲ ಎಂಬ ಸಾಲನ್ನು ಕಿರಿಯ ವಕೀಲೆಯೊಬ್ಬರು ಗಟ್ಟಿಯಾಗಿ ಓದಿ ಪೆನ್ನು ಮುಂದೆ ಹಿಡಿದರು. ಊರುಗೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದ ಆಳು ಪೆನ್ನು ತೆಗೆದುಕೊಂಡು, ಕಾಲನ್ನೊಮ್ಮೆ ಮುಟ್ಟಿಕೊಂಡು ಕೇಳಿದ: “ಮೇಡಂ, ಈ ರಾಡ್ ತೆಗ್ಸೋ ಖರ್ಚು ಇದ್ರಲ್ಲೇ ಬಂತಾ?” ಅವರು ಹಿರಿಯ ವಕೀಲರ ಮುಖ ನೋಡಿದರು. ಹಿರಿಯರು ಮುಂದಿನ ಕಡತದ ಸಂಖ್ಯೆ ಹುಡುಕುತ್ತಿದ್ದರು.