ಬೋರ್ಡ್ ಇಳಿಸುವ ಮೊದಲು ಒಂದು ಫೋಟೋನಾದರೂ ತೆಗೀರಿ

ಇವತ್ತು ಬೆಳಗ್ಗೆ ನಮ್ಮ ದಾವಣಗೆರೆಯ ಮಂಡಿಪೇಟೆಯಲ್ಲಿ ಒಂದು ಹಳೇ ಅಂಗಡಿಯ ಬೋರ್ಡ್ ಕೀಳುತ್ತಿದ್ದರು. ತಗಡಿನ ಬೋರ್ಡ್. ಹಸಿರು ಬಣ್ಣದ ಮೇಲೆ ಹಳದಿ ಅಕ್ಷರ, ಪ್ರತಿ ಅಕ್ಷರದ ಬಲಕ್ಕೂ ಕೆಂಪು ನೆರಳು. "ಹತ್ತಿ ವ್ಯಾಪಾರಿಗಳು ಮತ್ತು ಕಮಿಷನ್ ಏಜೆಂಟರು." ಕೆಳಗೆ ಮೂಲೆಯಲ್ಲಿ ಸಣ್ಣದಾಗಿ, "ದಾವಣಗೆರೆ, ಚಿತ್ರದುರ್ಗ ಜಿಲ್ಲೆ". ಬೈಕ್ ನಿಲ್ಲಿಸಿಬಿಟ್ಟೆ.

ನಮ್ಮದು ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ. ಅಂದರೆ ಬೋರ್ಡ್ ಅದಕ್ಕೂ ಹಿಂದಿನದು. ಎಲ್ಲಾದರೂ "ಮೈಸೂರು ರಾಜ್ಯ" ಅಂತಿದ್ದರೆ ಅದು 1973ಕ್ಕಿಂತ ಹಳೇದು. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಊರನ್ನು ಹೊಗಳುತ್ತೇವಲ್ವಾ? ಹತ್ತಿ ಮಿಲ್ಲುಗಳು ಮುಚ್ಚಿದವು. ಆ ಹತ್ತಿಯ ಹೆಸರು ಬೀದಿಯಲ್ಲಿ ಉಳಿದಿದ್ದು ಇಂಥ ತಗಡಿನ ಮೇಲೆ. ಅದನ್ನೂ ಗುಜರಿಗೆ ಹಾಕುತ್ತೇವೆ.

ಬ್ಯಾಂಕುಗಳದ್ದೂ ಇದೇ ಕಥೆ. 1913ರಲ್ಲಿ ಶುರುವಾದ ಮೈಸೂರು ಬ್ಯಾಂಕ್ 2017ರ ಏಪ್ರಿಲ್ 1ಕ್ಕೆ ಸ್ಟೇಟ್ ಬ್ಯಾಂಕಿನಲ್ಲಿ ಸೇರಿಹೋಯಿತು. 2019ರಲ್ಲಿ ವಿಜಯಾ ಬ್ಯಾಂಕ್, 2020ರಲ್ಲಿ ಸಿಂಡಿಕೇಟ್, ಕಾರ್ಪೊರೇಷನ್ ಬ್ಯಾಂಕುಗಳೂ ಬೇರೆ ಬೇರೆ ಬ್ಯಾಂಕುಗಳಲ್ಲಿ ಸೇರಿಹೋದವು. ನಮ್ಮಮ್ಮ ಇವತ್ತಿಗೂ "ಮೈಸೂರು ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಬರೆಸ್ಕೊಂಡು ಬಾ" ಅಂತಾರೆ. ಅವರ ಬಾಯಲ್ಲಿ ಇರುವ ಹೆಸರು ಗೋಡೆ ಮೇಲಿಲ್ಲ.

ತುಕ್ಕು ಹಿಡಿದಿದೆ, ರಾತ್ರಿ ಕಾಣಲ್ಲ, ವ್ಯಾಪಾರ ನಡೀಬೇಕಲ್ಲ ಸಾರ್ ಅಂದರು ಅಂಗಡಿಯವರು. ನಡೀಲಿ. ಲೈಟಿನ ಬೋರ್ಡೇ ಹಾಕಿ. ಆದರೆ ಹಳೇದನ್ನು ಗಲ್ಲಾಪೆಟ್ಟಿಗೆ ಹಿಂದಿನ ಗೋಡೆಗೆ ಹೊಡೆಯೋಕೆ ನಾಲ್ಕು ಮೊಳೆ ಸಾಕು. ಅದಕ್ಕೂ ಆಗಲ್ಲ ಅಂದರೆ ನಾನು ಒಪ್ಪಲ್ಲ.

ಇಷ್ಟು ಸಿಟ್ಟು ಯಾಕೆ ಅಂದರೆ, ಇದೇ ತಪ್ಪು ನಾನೂ ಮಾಡಿದ್ದೇನೆ. ಅಪ್ಪನ ಟೈಲರ್ ಅಂಗಡಿಗೆ ಫ್ಲೆಕ್ಸ್ ಹಾಕಿಸಿದಾಗ ಹಳೇ ಬೋರ್ಡನ್ನು ನಾನೇ ತೂಕಕ್ಕೆ ಹಾಕಿದೆ. ಅದರಲ್ಲಿ ಒಂದು ಕತ್ತರಿಯ ಚಿತ್ರ ಇತ್ತು. ಅಪ್ಪ ಏನೂ ಅನ್ನಲಿಲ್ಲ, ತಕ್ಕಡಿಯನ್ನೇ ನೋಡುತ್ತಾ ನಿಂತಿದ್ದರು. ಈಗ ಅಪ್ಪ ಇಲ್ಲ. ಆ ಬೋರ್ಡಿನ ಒಂದು ಫೋಟೋನೂ ಇಲ್ಲ.

ಇವತ್ತಿನ ತಗಡು ಕೆಳಗಿಳಿದಾಗ ಹಿಂದಿನ ಗೋಡೆ ಕಂಡಿತು. ಸುಣ್ಣದ ಮೇಲೆ ನೇರವಾಗಿ ಬರೆದ ನೀಲಿ ಅಕ್ಷರ, ಅರ್ಧ ಉದುರಿದೆ. "...ಪ್ಪ ಅಂಡ್ ಸನ್ಸ್" ಅಂತ ಮಾತ್ರ ಓದಲು ಬಂತು. ಫೋಟೋ ತೆಗೆದುಕೊಂಡು ಬಂದಿದ್ದೇನೆ, ಇಲ್ಲೇ ಹಾಕಿದ್ದೇನೆ. ಸಂಜೆ ಹೊತ್ತಿಗೆ ಅದರ ಮೇಲೆ ಹೊಸ ಶೀಟು ಕೂರುತ್ತದೆ. ಮಂಡಿಪೇಟೆಯ ಹಿರಿಯರು ಯಾರಾದರೂ ಮನೆಯಲ್ಲಿದ್ದರೆ ದಯವಿಟ್ಟು ತೋರಿಸಿ. ಅದು ಯಾರ ಅಂಗಡಿ ಅಂತ ಕೇಳಿ ನೋಡಿ.